ಹಡಗಿನಿಂದ ಇಳಿದು ಬಂದ ವಾಕರಿಕೆ

ದಸರಾ ರಜೆಯಲ್ಲಿ ಅಣ್ಣನ ಮಗಳು ಪುಟ್ಟಿಯನ್ನು ಕರೆದುಕೊಂಡು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆ. ಆಗುಂಬೆ ದಾಟಿದ ಮೇಲೆ ಘಟ್ಟ ಶುರು. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಗೊತ್ತಲ್ಲ? ಅವಳು ಬಸ್ಸು ಹತ್ತಿದಾಗಿನಿಂದ ಒಂದು ಕಾಮಿಕ್ ಪುಸ್ತಕದಲ್ಲಿ ಮುಳುಗಿದ್ದಳು. ಮೂರನೆಯ ತಿರುವಿಗೆ ಪುಸ್ತಕ ಮುಚ್ಚಿದಳು. ಐದನೆಯದಕ್ಕೆ ಮುಖ ಬಿಳಿಚಿಕೊಂಡಿತು. ಏಳನೆಯದಕ್ಕೆ ನನ್ನ ತೋಳು ಗಟ್ಟಿಯಾಗಿ ಹಿಡಿದು, "ಅತ್ತೇ, ಐ ಆಮ್ ಫೀಲಿಂಗ್ ನಾಸಿಯಸ್" ಅಂದಳು.

ಜಾಣರಾದವರು ತಕ್ಷಣ ಪ್ಲಾಸ್ಟಿಕ್ ಕವರ್ ಹುಡುಕುತ್ತಾರೆ. ನನಗೆ ನೆನಪಾದದ್ದು ನನ್ನ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಈ ವಾಕ್ಯ ಕಂಡರೆ ಅವರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಹೊಡೆಯುತ್ತಿದ್ದರು. "ವಾಕರಿಕೆ ತರಿಸುವ ವಸ್ತು ನಾಸಿಯಸ್. ವಾಕರಿಕೆ ಬಂದವನು ನಾಸಿಯೇಟೆಡ್. ಕೊಳೆತ ಮೀನು ನಾಸಿಯಸ್, ಅದನ್ನು ಮೂಸಿದ ನೀನು ನಾಸಿಯೇಟೆಡ್. ನಾನು ನಾಸಿಯಸ್ ಅಂತ ಬರೆದರೆ ನಾನೇ ಕೊಳೆತ ಮೀನು ಅಂತ ಒಪ್ಪಿಕೊಂಡ ಹಾಗೆ!" ತರಗತಿಯೆಲ್ಲ ನಗುತ್ತಿತ್ತು, ಬರೆದವನೊಬ್ಬನನ್ನು ಬಿಟ್ಟು.

ಹೀಗೆ ಮೇಷ್ಟ್ರನ್ನು ನೆನೆಯುತ್ತ ಕುಳಿತ ಆ ಅರ್ಧ ನಿಮಿಷ ದುಬಾರಿಯಾಯಿತು. ಎಂಟನೆಯ ತಿರುವಿನಲ್ಲಿ ನನ್ನ ಸೀರೆಯ ಸೆರಗು ಹಾಳಾಯಿತು.

ಘಟ್ಟ ಇಳಿದು ಸೋಮೇಶ್ವರದಲ್ಲಿ ಮುಖ ತೊಳೆಸಿ, ನಿಂಬೆ ಸೋಡಾ ಕುಡಿಸಿದ ಮೇಲೆ ಪುಟ್ಟಿ ಕೇಳಿದಳು: "ಕವರ್ ಯಾಕೆ ಕೊಡ್ಲಿಲ್ಲ ಅತ್ತೆ?" ನಿನ್ನ ವ್ಯಾಕರಣ ಸರಿಯೋ ತಪ್ಪೋ ಅಂತ ಯೋಚಿಸುತ್ತಿದ್ದೆ ಎಂದೆ. ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಆದರೆ ಊಟದ ಹೊತ್ತಿಗೆ ಅವಳೇ ಕೆದಕಿದಳು, "ಸರಿಯಾ, ತಪ್ಪಾ?"

ಉತ್ತರ ಹೇಳಬೇಕಾದರೆ ಹಡಗಿನಿಂದ ಶುರು ಮಾಡಬೇಕು.

ಹಳೆಯ ಗ್ರೀಕರು ಹಡಗನ್ನು 'ನೌಸ್' ಎನ್ನುತ್ತಿದ್ದರು. ದ್ವೀಪಗಳ ನಾಡು ಅದು. ವ್ಯಾಪಾರಕ್ಕೆ ಹೋಗಲಿ, ಯುದ್ಧಕ್ಕೆ ಹೋಗಲಿ, ಹಡಗು ಹತ್ತಲೇಬೇಕು. ಹತ್ತಿದವರಲ್ಲಿ ಬಹಳ ಜನ ಕಟಕಟೆಗೆ ಬಾಗಿ ನಿಲ್ಲುತ್ತಿದ್ದರು. ಆ ಸಂಕಟಕ್ಕೆ ಅವರು ಹಡಗಿನ ಹೆಸರನ್ನೇ ಇಟ್ಟರು, 'ನೌಸಿಯಾ'. ಅಂದರೆ ಹಡಗಿನ ಕಾಯಿಲೆ. ರೋಮನ್ನರು ಈ ಪದವನ್ನು ತಮ್ಮ ಲ್ಯಾಟಿನ್ನಿಗೆ ಎತ್ತಿಕೊಂಡರು. ಅಲ್ಲಿಂದ ಇಂಗ್ಲಿಷಿಗೆ ಬಂತು. ಇವತ್ತು ಡಾಕ್ಟರ ಚೀಟಿಯಲ್ಲಿರುವ 'ನಾಸಿಯಾ' ಇದೇ. ಗದ್ದಲಕ್ಕೆ ಇಂಗ್ಲಿಷರು ಹೇಳುವ 'ನಾಯ್ಸ್' ಕೂಡ ಇದೇ ಬೇರಿನಿಂದ ಫ್ರೆಂಚ್ ಮೂಲಕ ಬಂದದ್ದು ಎಂದು ಹಲವು ವಿದ್ವಾಂಸರ ಮತ. ಹಡಗಿನ ತುಂಬ ಜನ ಒಟ್ಟಿಗೆ ವಾಂತಿ ಮಾಡುವ ಸದ್ದನ್ನು ಊಹಿಸಿಕೊಂಡರೆ ನನಗಂತೂ ಒಪ್ಪಿಗೆ.

'ನೌಸ್' ಅಂದಾಗ ನಿಮ್ಮ ಕಿವಿ ನೆಟ್ಟಗಾಯಿತೇ? ಆಗಬೇಕಿತ್ತು. ಸಂಸ್ಕೃತದಲ್ಲಿ ಹಡಗಿಗೆ 'ನೌ'. ಋಗ್ವೇದದಲ್ಲೇ ಇದೆ. ಲ್ಯಾಟಿನ್ನಿನಲ್ಲಿ 'ನಾವಿಸ್'. 1786ರಲ್ಲಿ ಕೋಲ್ಕತ್ತದಲ್ಲಿ ಜಡ್ಜ್ ಆಗಿದ್ದ ವಿಲಿಯಂ ಜೋನ್ಸ್ ಎಂಬಾತ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ತಾಯಿಯ ಮಕ್ಕಳಿರಬೇಕು ಎಂದು ಹೇಳಿದ. ಇಂಥ ಜೋಡಿಗಳು ಆ ಮಾತಿಗೆ ಸಾಕ್ಷಿ. ನಮ್ಮ ಕನ್ನಡ ಆ ಮನೆತನದ್ದಲ್ಲ, ಅದು ದ್ರಾವಿಡ ಮನೆಯದು. ಹಡಗು, ತೆಪ್ಪ, ಹರಿಗೋಲು ಎಲ್ಲ ನಮ್ಮಲ್ಲೇ ಇದ್ದವು. ಆದರೂ ನೆರೆಮನೆಯಿಂದ ನೌಕೆ, ನಾವೆ, ನಾವಿಕ ಎಂಬ ಪದಗಳನ್ನು ತಂದುಕೊಂಡೆವು. ಹಾಗಾಗಿ ನೀವು 'ನೌಕಾಪಡೆ' ಎಂದಾಗಲೂ ಇಂಗ್ಲಿಷಿನವರು 'ನೇವಿ' ಎಂದಾಗಲೂ ನಾಲಗೆಯ ಮೇಲೆ ಬರುವುದು ಒಂದೇ ಹಳೆಯ ಪದ. ಪುಟ್ಟಿಯ ವಾಕರಿಕೆಯೂ ನಮ್ಮ ನೌಕೆಯೂ ದಾಯಾದಿಗಳು.

ಕನ್ನಡದವರು ಇದೇ ಸಂಕಟಕ್ಕೆ ಹೆಸರು ಹುಡುಕಿದ್ದು ಸಮುದ್ರದಲ್ಲಿ ಅಲ್ಲ, ಅಡುಗೆಮನೆಯಲ್ಲಿ. 'ಹೊಟ್ಟೆ ತೊಳಸುತ್ತಿದೆ' ಎನ್ನುತ್ತೇವೆ. ರಾಗಿಮುದ್ದೆಯನ್ನು ಕೋಲಿನಿಂದ ತಿರುವಿ ತಿರುವಿ ಹದ ಮಾಡುತ್ತಾರಲ್ಲ, ಅದೂ ತೊಳಸುವುದೇ. ಹೊಟ್ಟೆಯೊಳಗೆ ಯಾರೋ ಮುದ್ದೆಕೋಲು ಆಡಿಸಿದ ಹಾಗೆ! ಇಷ್ಟು ಚೆನ್ನಾಗಿ ಯಾವ ಗ್ರೀಕನೂ ಹೇಳಿಲ್ಲ ಎಂಬುದು ನನ್ನ ಪಕ್ಷಪಾತದ ತೀರ್ಪು.

ಇಷ್ಟಕ್ಕೂ ಬಸ್ಸು ತಿರುಗಿದರೆ ಹೊಟ್ಟೆ ಯಾಕೆ ತೊಳಸಬೇಕು? ಹೊಟ್ಟೆಯನ್ನು ಬಯ್ಯಬೇಡಿ, ಜಗಳ ಶುರುವಾಗುವುದು ಕಿವಿಯಲ್ಲಿ.

ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಮೇಲೆ ಚಿಟಿಕೆ ಅರಿಶಿನ ಉದುರಿಸಿ. ಈಗ ಲೋಟವನ್ನು ಮೇಜಿನ ಮೇಲೆ ನಿಧಾನವಾಗಿ ತಿರುಗಿಸಿ. ಲೋಟ ತಿರುಗುತ್ತದೆ, ಅರಿಶಿನ ಇದ್ದಲ್ಲೇ ಇರುತ್ತದೆ. ಸ್ವಲ್ಪ ಹೊತ್ತು ಬಿಡದೆ ತಿರುಗಿಸಿದರೆ ನೀರೂ ಸುತ್ತತೊಡಗುತ್ತದೆ. ಆಗ ಥಟ್ಟನೆ ನಿಲ್ಲಿಸಿ. ಲೋಟ ನಿಂತಿತು, ನೀರು ನಿಲ್ಲಲಿಲ್ಲ. ನಿಮ್ಮ ಒಳಕಿವಿಯಲ್ಲಿ ಬಳೆಯ ತುಂಡಿನಂತೆ ಬಾಗಿದ ಮೂರು ಪುಟ್ಟ ಕೊಳವೆಗಳಿವೆ. ಅವುಗಳ ತುಂಬ ದ್ರವ. ತಲೆ ತಿರುಗಿದಾಗ ಆ ದ್ರವ ಹಿಂದೆ ಬೀಳುತ್ತದೆ, ಅಲ್ಲಿರುವ ಸೂಕ್ಷ್ಮ ಕೂದಲುಗಳನ್ನು ಬಾಗಿಸುತ್ತದೆ, ಕೂದಲು ಬಾಗಿದ ಸುದ್ದಿ ಮಿದುಳಿಗೆ ಹೋಗುತ್ತದೆ. ಪಕ್ಕದಲ್ಲೇ ಸುಣ್ಣದಕಲ್ಲಿನ ಜಾತಿಯ ಸಣ್ಣ ಸಣ್ಣ ಹರಳುಗಳಿವೆ. ಮೇಲೆ ಯಾವುದು, ಕೆಳಗೆ ಯಾವುದು ಎಂದು ಹೇಳುವುದು ಅವುಗಳ ಕೆಲಸ. ಕಿವಿಯಲ್ಲಿ ಕಲ್ಲು ಇಟ್ಟುಕೊಂಡೇ ನಾವೆಲ್ಲ ನೆಟ್ಟಗೆ ನಿಂತಿದ್ದೇವೆ.

ಪುಟ್ಟಿ ಕಾಮಿಕ್ ಓದುತ್ತಿದ್ದಳು. ಕಣ್ಣು ಮಿದುಳಿಗೆ ಹೇಳಿತು, "ಪುಸ್ತಕ ಅಲ್ಲಾಡುತ್ತಿಲ್ಲ, ನಾವು ಸುಮ್ಮನೆ ಕೂತಿದ್ದೇವೆ." ಕಿವಿ ಹೇಳಿತು, "ಸುಳ್ಳು! ಎಡಕ್ಕೆ ತಿರುಗಿದೆವು, ಬಲಕ್ಕೆ ತಿರುಗಿದೆವು, ಕೆಳಗೆ ಇಳಿಯುತ್ತಿದ್ದೇವೆ." ಇಬ್ಬರು ಸಾಕ್ಷಿಗಳು ಎರಡು ಥರ ಹೇಳಿದಾಗ ಮಿದುಳು ಗಲಿಬಿಲಿಗೊಳ್ಳುತ್ತದೆ. ಆದರೆ ಗಲಿಬಿಲಿಯಾದರೆ ವಾಂತಿ ಯಾಕೆ? 1977ರಲ್ಲಿ ಮಿಶೆಲ್ ಟ್ರೀಸ್ಮನ್ ಎಂಬ ವಿಜ್ಞಾನಿ ಒಂದು ಊಹೆ ಮುಂದಿಟ್ಟ. ಬಸ್ಸು, ಹಡಗು ಇಲ್ಲದ ಕಾಲದಲ್ಲಿ ಕಣ್ಣಿಗೂ ಕಿವಿಗೂ ಹೀಗೆ ತಾಳ ತಪ್ಪುತ್ತಿದ್ದದ್ದು ವಿಷದ ಕಾಯಿಯನ್ನೋ ಸೊಪ್ಪನ್ನೋ ತಿಂದಾಗ. ಆದ್ದರಿಂದ ತಾಳ ತಪ್ಪಿದ ಕೂಡಲೇ ಮಿದುಳು 'ಹೊಟ್ಟೆಗೆ ವಿಷ ಬಿದ್ದಿದೆ, ಆಚೆ ಹಾಕು' ಎಂದು ಆಜ್ಞೆ ಕೊಡುತ್ತದಂತೆ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ಆದರೆ ಒಳಕಿವಿಯ ಈ ಭಾಗ ಕೆಲಸ ಮಾಡದೇ ಇರುವವರಿಗೆ ಎಂಥ ಅಲೆಯಲ್ಲೂ ಹೊಟ್ಟೆ ತೊಳಸುವುದಿಲ್ಲ ಎಂಬುದು ನಿಜ. ಇನ್ನೊಂದು ವಿಚಿತ್ರ: ಇಲಿಗೆ ವಾಂತಿ ಮಾಡಲು ಬರುವುದೇ ಇಲ್ಲ. ಅದಕ್ಕೇ ಅದು ಹೊಸ ತಿಂಡಿ ಕಂಡರೆ ಮೊದಲು ಒಂದೇ ಒಂದು ಚೂರು ಕಚ್ಚಿ ನೋಡುತ್ತದೆ.

ಹಡಗಿನ ಕಾಯಿಲೆ ದೊಡ್ಡವರನ್ನೂ ಬಿಟ್ಟಿಲ್ಲ. ಇಂಗ್ಲೆಂಡಿನ ನೌಕಾಪಡೆಯ ಮಹಾವೀರ ನೆಲ್ಸನ್ ಸಮುದ್ರದಲ್ಲಿ ಆಗಾಗ ವಾಂತಿ ಮಾಡಿಕೊಳ್ಳುತ್ತಿದ್ದ. ಚಾರ್ಲ್ಸ್ ಡಾರ್ವಿನ್ ಅಂತೂ 1831ರ ಡಿಸೆಂಬರ್ 27ಕ್ಕೆ ಬೀಗಲ್ ಹಡಗು ಹತ್ತಿದವನು 1836ರ ಅಕ್ಟೋಬರಿನಲ್ಲಿ ಇಳಿಯುವವರೆಗೂ ನರಳಿದ. ಶುರುವಿನ ದಿನಗಳಲ್ಲಿ ಜೋಳಿಗೆಯಂಥ ಹಾಸಿಗೆಯಲ್ಲಿ ಮಲಗಿ ಒಣದ್ರಾಕ್ಷಿ ತಿಂದೇ ಕಾಲ ಕಳೆದ. ಅವನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಈಗ ಪುಟ್ಟಿಯ ಪ್ರಶ್ನೆಗೆ ಬರೋಣ. 17ನೇ ಶತಮಾನದ ಆರಂಭದಲ್ಲಿ ಇಂಗ್ಲಿಷರು 'ನಾಸಿಯಸ್' ಎಂಬ ಪದ ಬಳಸತೊಡಗಿದರು. ಮೊದಮೊದಲಿಗೆ ಅದು ಎರಡೂ ಕಡೆ ಓಡಾಡುತ್ತಿತ್ತು. ಬೇಗ ವಾಕರಿಕೆ ಬರುವ ಸೂಕ್ಷ್ಮ ಹೊಟ್ಟೆಯವರಿಗೂ ಅದೇ, ವಾಕರಿಕೆ ತರಿಸುವ ವಸ್ತುವಿಗೂ ಅದೇ. ಕ್ರಮೇಣ ಮೊದಲನೆಯ ಅರ್ಥ ಮರೆಯಾಯಿತು. ವಸ್ತುವಿನ ಮೇಲೆ ಪದ ಗಟ್ಟಿಯಾಗಿ ಕೂತಿತು. ಹಡಗಂತೂ ಯಾರಿಗೂ ನೆನಪಿರಲಿಲ್ಲ. ಕಹಿ ಔಷಧ, ಚರಂಡಿಯ ನಾತ, ಅತಿಯಾದ ಹೊಗಳಿಕೆ ಎಲ್ಲವೂ ನಾಸಿಯಸ್ ಆದವು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಂದ ಪ್ರಸಿದ್ಧ ನಿಘಂಟಿನಲ್ಲಿ ಈ ಪದಕ್ಕೆ ಕೊಟ್ಟ ಅರ್ಥವೂ ಅಸಹ್ಯ ಹುಟ್ಟಿಸುವಂಥದ್ದು ಎಂದೇ.

20ನೇ ಶತಮಾನದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಜನ ಮತ್ತೆ 'ನಾನು ನಾಸಿಯಸ್' ಎನ್ನತೊಡಗಿದರು. ಪಂಡಿತರು ಕೆಂಡವಾದರು. ನಮ್ಮ ಮೇಷ್ಟ್ರು ಹೇಳುತ್ತಿದ್ದ ಕೊಳೆತ ಮೀನಿನ ತಮಾಷೆಯಂಥವು ಅಲ್ಲಿನ ಶೈಲಿ ಪುಸ್ತಕಗಳಲ್ಲೂ ಇದ್ದವು. ಜನ ಕೇಳಲಿಲ್ಲ. ಈಗ ಅಮೆರಿಕದಲ್ಲಿ ಆ ಪದವನ್ನು ಹೆಚ್ಚಾಗಿ ಬಳಸುವುದೇ ಹೊಟ್ಟೆ ತೊಳಸುವವರ ಬಗ್ಗೆ. ನಿಘಂಟುಗಳೂ ಒಪ್ಪಿಕೊಂಡಿವೆ. ಕೊಳೆತ ಮೀನಿಗೆ 'ನಾಸಿಯೇಟಿಂಗ್' ಎಂಬ ಬೇರೆ ಪದ ಸಿಕ್ಕಿತು.

ನನ್ನ ಅಭಿಪ್ರಾಯ ಕೇಳಿದರೆ ಪಂಡಿತರ ವಾದದಲ್ಲೇ ತೂತಿತ್ತು. ಪದದ ಬಾಲದಲ್ಲಿರುವ 'ಅಸ್' ನೋಡಿ. 'ಪಾಯ್ಸನಸ್', 'ಡೇಂಜರಸ್' ಎಂಬಲ್ಲಿ ಅದು ತೊಂದರೆ ಕೊಡುವ ವಸ್ತುವನ್ನು ಹೇಳುತ್ತದೆ. 'ಫ್ಯೂರಿಯಸ್', 'ಎನ್ವಿಯಸ್' ಎಂಬಲ್ಲಿ ಕೋಪವನ್ನೋ ಹೊಟ್ಟೆಕಿಚ್ಚನ್ನೋ ಅನುಭವಿಸುತ್ತಿರುವ ಮನುಷ್ಯನನ್ನು ಹೇಳುತ್ತದೆ. ಬಾಲಕ್ಕೆ ಎರಡೂ ಕಡೆ ಅಲ್ಲಾಡುವ ಅಭ್ಯಾಸ ಇದ್ದಾಗ ಪದ ಒಂದೇ ಕಡೆ ಕೂರಲಿ ಎಂದರೆ ಹೇಗೆ?

"ನಮ್ಮಲ್ಲೂ ಹಿಂಗೆ ಆಗಿದೆಯಾ?" ಪುಟ್ಟಿ ಕೇಳಿದಳು.

ಆಗಿದೆ, ಅದೂ ಇದೇ ಜಾತಿಯ ಪದದಲ್ಲಿ. 'ಹೇಸು' ಎಂದರೆ ಅಸಹ್ಯಪಡು. ಅದರಿಂದ ಬಂದ 'ಹೇಸಿಗೆ' ಮನಸ್ಸಿನ ಒಂದು ಭಾವ. 'ನನಗೆ ಹೇಸಿಗೆಯಾಯಿತು' ಎನ್ನುತ್ತೇವೆ. ಆದರೆ 'ದಾರಿಯಲ್ಲಿ ಹೇಸಿಗೆ ಬಿದ್ದಿದೆ, ತುಳೀಬೇಡ' ಎಂದು ಅಜ್ಜಿ ಹೇಳಿದಾಗ? 'ಮಗು ಹೇಸಿಗೆ ಮಾಡಿಕೊಂಡಿದೆ' ಎಂದಾಗ? ಅಲ್ಲಿ ಭಾವ ಇಲ್ಲ, ಬಟ್ಟೆ ಒಗೆಯುವ ಕೆಲಸ ಇದೆ! ಮನಸ್ಸಿನಲ್ಲಿದ್ದ ಪದ ಜಾರಿ ವಸ್ತುವಿನ ಮೇಲೆ ಬಿದ್ದಿದೆ. ಇಂಗ್ಲಿಷಿನ ಪದ ವಸ್ತುವಿನಿಂದ ಮನುಷ್ಯನ ಕಡೆಗೆ ಹಾರಿತು, ನಮ್ಮದು ಮನುಷ್ಯನಿಂದ ವಸ್ತುವಿನ ಕಡೆಗೆ. ಆಟದ ಮೈದಾನ ಒಂದೇ.

ಅಸಹ್ಯದ ಪದಗಳು ಹೀಗೆ ಜಾರುವುದಕ್ಕೆ ಅಸಹ್ಯದ ಅಂಟುಗುಣವೇ ಕಾರಣ ಎಂದು ನನಗೆ ಅನಿಸುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಜಿನ್ ಮತ್ತು ಗೆಳೆಯರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಸತ್ತ ಜಿರಳೆಯೊಂದನ್ನು ಕ್ರಿಮಿಯೇ ಇಲ್ಲದಂತೆ ಶುದ್ಧ ಮಾಡಿ, ಜನರ ಕಣ್ಣೆದುರೇ ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. "ಕುಡಿಯಿರಿ, ಏನೂ ಆಗುವುದಿಲ್ಲ." ಯಾರಿಗೆ ಇಷ್ಟವಾದೀತು? ಏನೂ ಆಗುವುದಿಲ್ಲ ಎಂದು ತಲೆಗೆ ಗೊತ್ತು, ನಾಲಗೆ ಒಪ್ಪುವುದಿಲ್ಲ. ಜಿರಳೆ ಹೋದರೂ ಜಿರಳೆತನ ರಸದಲ್ಲಿ ಉಳಿಯಿತು. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಪೆನ್ಸಿಲ್ವೇನಿಯಾದವರೆಗೆ ಹೋಗಬೇಕಾಗಿಲ್ಲ, 'ಎಂಜಲು' ಎಂಬ ಒಂದು ಪದ ಸಾಕು. ಬಾಯಲ್ಲಿರುವ ನಿಮ್ಮದೇ ಉಗುಳನ್ನು ದಿನವಿಡೀ ನುಂಗುತ್ತೀರಿ. ಅದನ್ನೇ ಒಂದು ಲೋಟಕ್ಕೆ ಉಗುಳಿ ಕುಡಿ ಎಂದರೆ? ನೋಡಿ, ಈಗಲೇ ಮೂಗು ಮುರಿದಿರಿ.

ಆ ಮೂಗು ಮುರಿಯುವುದನ್ನು ಗಮನವಿಟ್ಟು ನೋಡಿದವನು ನಮ್ಮ ಡಾರ್ವಿನ್. 1872ರಲ್ಲಿ ಅವನು ಮನುಷ್ಯರ ಮತ್ತು ಪ್ರಾಣಿಗಳ ಮುಖಭಾವಗಳ ಬಗ್ಗೆ ಒಂದು ಪುಸ್ತಕ ಬರೆದ. ಬೀಗಲ್ ಯಾನದಲ್ಲಿ ದಕ್ಷಿಣ ಅಮೆರಿಕದ ತುದಿಯ ತಿಯೆರ್ರಾ ದೆಲ್ ಫುಯೇಗೋದಲ್ಲಿ ನಡೆದ ಒಂದು ಪ್ರಸಂಗ ಅದರಲ್ಲಿದೆ. ಡಾರ್ವಿನ್ ತಣ್ಣಗಿನ ಡಬ್ಬಿ ಮಾಂಸ ತಿನ್ನುತ್ತಿದ್ದ. ಅಲ್ಲಿಯವನೊಬ್ಬ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಇಷ್ಟು ಮೆತ್ತಗಿದೆಯಲ್ಲ ಎಂದು ಅಸಹ್ಯಪಟ್ಟ. ಬಟ್ಟೆ ತೊಡದ ಆತ ತನ್ನ ಊಟ ಮುಟ್ಟಿದನಲ್ಲ ಎಂದು ಡಾರ್ವಿನ್ನನೂ ಅಸಹ್ಯಪಟ್ಟ. ಆತನ ಕೈ ಕೊಳಕಾಗಿ ಕಾಣಲಿಲ್ಲ ಎಂದು ಅವನೇ ಬರೆದಿದ್ದಾನೆ. ಒಂದೇ ತುಂಡು ಮಾಂಸ, ಇಬ್ಬರಿಗೂ ಹೇಸಿಗೆ, ಕಾರಣ ಬೇರೆ ಬೇರೆ! ಕೊಳೆತ ಮೀನಿನಿಂದ ದೂರ ಇರಲೆಂದು ದೇಹ ಕೊಟ್ಟ ಕಾವಲುಗಾರ ಕೆಲವು ಸಲ ಮನುಷ್ಯರನ್ನೇ ನೋಡಿ ಬೊಗಳುತ್ತಾನೆ. ನಮ್ಮ ಊರುಗಳಲ್ಲೂ ಈ ಬೊಗಳುವಿಕೆ ಎಷ್ಟೋ ಜನರನ್ನು ನೋಯಿಸಿದೆ.

ಕಾವಲುಗಾರ ಎಂದು ಸುಮ್ಮನೆ ಹೇಳಲಿಲ್ಲ. ಪುಸ್ತಕದ ಕನ್ನಡದಲ್ಲಿ ಅಸಹ್ಯಕ್ಕೆ 'ಜುಗುಪ್ಸೆ' ಎನ್ನುತ್ತಾರೆ. ಸಂಸ್ಕೃತದಲ್ಲಿ ಪದದ ಮೊದಲ ಅಕ್ಷರ ಇಮ್ಮಡಿಯಾಗಿ 'ಆಸೆ' ಎಂಬ ಅರ್ಥ ಸೇರುವ ಒಂದು ಪದ್ಧತಿಯಿದೆ. 'ಪಾ' ಎಂದರೆ ಕುಡಿ, 'ಪಿಪಾಸೆ' ಕುಡಿಯುವ ಆಸೆ, ಬಾಯಾರಿಕೆ. 'ಜ್ಞಾ' ಎಂದರೆ ತಿಳಿ, 'ಜಿಜ್ಞಾಸೆ' ತಿಳಿಯುವ ಆಸೆ. ಹಾಗೆಯೇ 'ಗುಪ್' ಎಂದರೆ ಕಾಪಾಡು. ರೂಪದ ಲೆಕ್ಕದಲ್ಲಿ 'ಜುಗುಪ್ಸೆ' ಎಂದರೆ ಕಾಪಾಡಿಕೊಳ್ಳುವ ಆಸೆ! ಪಾಣಿನಿಯ ವ್ಯಾಕರಣದಲ್ಲಿ ಜುಗುಪ್ಸೆಯೂ ಚಿಕಿತ್ಸೆಯೂ ಒಂದೇ ಸೂತ್ರದಲ್ಲಿ ಒಟ್ಟಿಗೆ ಸಿಗುತ್ತವೆ. ಅಸಹ್ಯ ಎಂಬುದು ರೋಗದಿಂದ ನಮ್ಮನ್ನು ಕಾಯುವ ಏರ್ಪಾಡು ಎಂದು ಇವತ್ತಿನ ವಿಜ್ಞಾನಿಗಳು ಹೇಳುವುದು ಓದಿದಾಗಲೆಲ್ಲ ನನಗೆ ಈ ನೆರೆಹೊರೆ ನೆನಪಾಗುತ್ತದೆ.

ಅಸಹ್ಯದ ಪದಗಳ ಜಾರಾಟ ಇನ್ನೂ ನಿಂತಿಲ್ಲ. ಪುಟ್ಟಿ ಮತ್ತು ಅವಳ ಗೆಳತಿಯರು ಈಗ ಅಸಹ್ಯವಾದದ್ದಕ್ಕೆಲ್ಲ 'ಗ್ರೋಸ್' ಎನ್ನುತ್ತಾರೆ. ಆ ಪದಕ್ಕೆ ಮೂಲದಲ್ಲಿ ದಪ್ಪ, ದೊಡ್ಡದು ಎಂದಷ್ಟೇ ಅರ್ಥ. ಅಂಗಡಿಯವರ 12 ಡಜನ್ನಿನ ಗ್ರೋಸ್, ಅಪ್ಪನ ಸಂಬಳದ ಚೀಟಿಯ ಗ್ರೋಸ್, ಸಗಟು ಮಾರುವವನಿಂದ ಬಂದ 'ಗ್ರೋಸರಿ' ಎಲ್ಲ ಅದೇ ಪದದ ಸಂತಾನ. ಇನ್ನು ಕಂಪು ಎಂದರೆ ನಮಗೆ ಮಲ್ಲಿಗೆಯದು. ತೆಲುಗಿನವರ ಮನೆಯಲ್ಲಿ ಹಾಗೆಂದು ಹೊಗಳಿಬಿಟ್ಟೀರಿ ಜೋಕೆ, ಅವರಿಗೆ ಕಂಪು ಎಂದರೆ ದುರ್ನಾತ!

ಹಡಗಿನ ಪದ ಕೊನೆಗೆ ಎಲ್ಲಿಗೆ ಹೋಯಿತು ಎಂಬುದನ್ನು ಹೇಳದಿದ್ದರೆ ಕಥೆ ಅರ್ಧವೇ. 1961ರ ಆಗಸ್ಟ್ 6ರಂದು ಸೋವಿಯತ್ ದೇಶದ ಗೆರ್ಮನ್ ತಿತೋವ್ ವಸ್ತೋಕ್-2ರಲ್ಲಿ ಕೂತು ಆಕಾಶಕ್ಕೆ ಹಾರಿದ. ವಯಸ್ಸು 25. ಭೂಮಿಯನ್ನು 17 ಸುತ್ತು ಹಾಕಿದ. ಕೆಲವು ಸುತ್ತಾಗುವಷ್ಟರಲ್ಲಿ ಹೊಟ್ಟೆ ತೊಳಸತೊಡಗಿತು. ಬಾಹ್ಯಾಕಾಶದಲ್ಲಿ ಹೀಗಾದವರಲ್ಲಿ ಅವನೇ ಮೊದಲಿಗ. ತೂಕವಿಲ್ಲದ ಸ್ಥಿತಿಯಲ್ಲಿ ಕಿವಿಯ ಹರಳುಗಳಿಗೆ ಮೇಲು ಕೆಳಗು ತಿಳಿಯುವುದಿಲ್ಲ, ಕಣ್ಣಿಗೂ ಕಿವಿಗೂ ಮತ್ತೆ ಅದೇ ಜಗಳ. ಗಗನಯಾತ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಎರಡು ಮೂರು ದಿನ ಹೀಗಾಗುತ್ತದೆ. 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಯೋಗಾಸನದಿಂದ ಇದಕ್ಕೆ ಉಪಯೋಗವಾದೀತೇ ಎಂದು ಅಲ್ಲೇ ಮಾಡಿ ನೋಡಿದರು. ಇಂಥ ಪ್ರಶ್ನೆಗಳ ಹಿಂದೆ ಬಿದ್ದಿರುವ ವಾಯುಪಡೆಯ ವೈದ್ಯಕೀಯ ಸಂಸ್ಥೆಯೊಂದು ನಮ್ಮ ಬೆಂಗಳೂರಿನಲ್ಲೇ ಇದೆ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ನಮ್ಮ ಗಗನಯಾನ ಯೋಜನೆಯ ಪೈಲಟ್‌ಗಳ ದೇಹಪರೀಕ್ಷೆ ನಡೆದದ್ದೂ ಅಲ್ಲೇ.

ಗಗನಯಾತ್ರಿಗೆ ಇಂಗ್ಲಿಷಿನಲ್ಲಿ 'ಆಸ್ಟ್ರೋನಾಟ್'. ಗ್ರೀಕಿನಲ್ಲಿ ಅದು ನಕ್ಷತ್ರಗಳ ನಾವಿಕ. ಅವನು ಕೂರುವ ವಾಹನಕ್ಕೆ ನಮ್ಮ ಪತ್ರಿಕೆಗಳು ಬಾಹ್ಯಾಕಾಶ ನೌಕೆ ಎನ್ನುತ್ತವೆ. ಅದರೊಳಗೆ ಕೂತು ಅವನು ಪಡುವ ಪಾಡಿಗೆ ನಾಸಿಯಾ. ಮೂರು ಪದಗಳಲ್ಲೂ ಅದೇ ಹಳೆಯ ಹಡಗು, ಈಗ ನೀರೇ ಇಲ್ಲದ ಕಡೆ.

"ಹಾಗಾದ್ರೆ ನಾನು ಹೇಳಿದ್ದು ಸರಿ" ಎಂದಳು ಪುಟ್ಟಿ. ಸರಿಯೇ. ಮೇಷ್ಟ್ರು ಕೆಂಪು ಗೆರೆ ಎಳೆದ ಕಾಲಕ್ಕೆ ಅವರೂ ಸರಿಯೇ ಇದ್ದರು ಎಂದೆ.

ನೀವು ಘಟ್ಟ ಇಳಿಯುವವರಾದರೆ ಬಸ್ಸಿನ ಮುಂದಿನ ಸೀಟು ಹಿಡಿಯಿರಿ. ಪುಸ್ತಕ, ಮೊಬೈಲು ಚೀಲದೊಳಗಿರಲಿ. ಕಿಟಕಿಯಾಚೆ ದೂರದ ಬೆಟ್ಟದ ಮೇಲೆ ಕಣ್ಣಿಡಿ, ಆಗ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಪಕ್ಕದಲ್ಲಿ ಅತ್ತೆ ಕೂತಿದ್ದರೆ ಇಂಗ್ಲಿಷಿನಲ್ಲಿ ಹೇಳಲು ಹೋಗಬೇಡಿ, ಕವರ್ ನಿಮ್ಮ ಕೈಯಲ್ಲೇ ಇರಲಿ.